ಸೊಸೆಯ ಪರವಾಗಿ ಅತ್ತೆಯ ಉತ್ತರ

ನನ್ನ ಮಗಳು ವೇದಾವತಿಯನ್ನು ಸಾಗರದ ಹತ್ತಿರದ ಮಡಿವಂತರ ಮನೆಗೆ ಕೊಟ್ಟಿದ್ದೆ. ಆ ಮನೆಯಲ್ಲಿ ದೇವರಿಗಿಂತ ಮಡಿಗೇ ಪೂಜೆ ಹೆಚ್ಚು.

ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮರುವರ್ಷ ಅವಳು ತುಂಬಿದ ಕೊಡದೊಂದಿಗೆ ಬಾವಿಕಟ್ಟೆಯಲ್ಲಿ ಜಾರಿಬಿದ್ದಳು. ಮರುದಿನದಿಂದ ಮೂತ್ರ ಹೋದದ್ದೇ ತಿಳಿಯದೆ ಸೀರೆ ಒದ್ದೆಯಾಗತೊಡಗಿತು. ಅತ್ತೆ ತುಂಗಮ್ಮನವರಿಗೆ ಸೊಸೆಯ ಬೆನ್ನಿಗಿಂತ ಅಡುಗೆಮನೆಯ ಚಿಂತೆ ದೊಡ್ಡದಾಯಿತು. ಅವಳ ಚಾಪೆ ಕೊಟ್ಟಿಗೆಯ ಪಕ್ಕಕ್ಕೆ ಹೋಯಿತು.

ಸುದ್ದಿ ತಿಳಿದು ತೀರ್ಥಹಳ್ಳಿಯಿಂದ ಓಡಿಬಂದೆ. ಹಟ ಹಿಡಿದು ಎಲ್ಲರನ್ನೂ ಡಾಕ್ಟರಲ್ಲಿಗೆ ಹೊರಡಿಸಿದೆ.

"ಬೆನ್ನುಮೂಳೆ ತುದಿಯ ನರ ಒತ್ತಿಹೋಗಿದ್ರೆ, ಕೂರೋ ಜಾಗದಲ್ಲಿ ಸೂಜಿ ಚುಚ್ಚಿದ್ರೂ ಗೊತ್ತಾಗಲ್ಲ," ಎಂದರು ಡಾಕ್ಟರು. "ಹಾಗಿದ್ರೆ ಇವತ್ತೇ ಮೈಸೂರಿಗೆ ಕಳಿಸಿ ಆಪರೇಷನ್ ಮಾಡಿಸ್ಬೇಕು. ತಡ ಆದ್ರೆ ಜೀವಕ್ಕೇ ಅಪಾಯ."

ಪರಗಂಡಸು ಆ ಜಾಗ ನೋಡುವುದುಂಟೇ? ತುಂಗಮ್ಮ ಪರದೆ ಕಟ್ಟಿಸಿದರು. ಒಳಗೆ ನರ್ಸ್ ಪುಷ್ಪಮ್ಮ ಸೂಜಿ ಹಿಡಿದಳು. ಹೊರಗೆ ನಿಂತು ಡಾಕ್ಟರು ಕೇಳಬೇಕು. ಮಡಿಸೀರೆಯುಟ್ಟ ತುಂಗಮ್ಮ, ಮನೆಯಿಂದ ತಂದ ಮಣೆಯನ್ನು ಪರದೆಯ ಹೊರಗೇ ಹಾಕಿ, ಡಾಕ್ಟರಿಗೆ ಬೆನ್ನು ಮಾಡಿ ಕುಳಿತರು.

"ಚುಚ್ಚಿದ್ದು ಗೊತ್ತಾಯ್ತಾ?"

"ಗೊತ್ತಾತು," ಎಂದರು ತುಂಗಮ್ಮ.

"ನಿಮ್ಮನ್ನಲ್ಲ ಅಮ್ಮ, ಅವರನ್ನ ಕೇಳಿದ್ದು."

"ನಮ್ಮನೆ ಸೊಸೆ ಪರಗಂಡಸಿನ ಹತ್ರ ಮಾತಾಡ್ತಿಲ್ಲೆ. ನಾ ಹೇಳ್ತೆ, ಕೇಳಿ."

ಡಾಕ್ಟರು ಪರದೆ ಅಲುಗಿಸಿ ಪುಷ್ಪಮ್ಮನನ್ನು ಸದ್ದಿಲ್ಲದೆ ಹೊರಗೆ ಕರೆದರು. ಸೂಜಿಯನ್ನು ತಮ್ಮ ಕೈಗೆ ತೆಗೆದುಕೊಂಡು ಕೇಳಿದರು: "ಈಗ?"

"ಈಗ ಜೋರು ನೋವಾತು!"

ಪುಷ್ಪಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಪರದೆಯೊಳಗಿನಿಂದ ನನ್ನ ಮಗಳ ದನಿ ಬಂತು: "ಅತ್ತೆ, ಯಂಗೆ ಆಗಿಂದ ಎಂತೂ ಗೊತ್ತಾಗ್ತಿಲ್ಲೆ."

"ಇವತ್ತೇ ಕಳಿಸಿ," ಎಂದರು ಡಾಕ್ಟರು.

ತುಂಗಮ್ಮನ ಕಿವಿಗೆ ಬಿದ್ದದ್ದು ಸೊಸೆ ಬಾಯಿಬಿಟ್ಟದ್ದು ಮಾತ್ರ. "ಗಂಡಸರ ಎದುರು ನನ್ನನ್ನೇ ಸುಳ್ಳಿ ಮಾಡಿದ್ಯ? ನಡೆ ಮನೆಗೆ!" ಎಂದು ಮಣೆ ಎತ್ತಿಕೊಂಡು ಎದ್ದರು. ಮಣೆಯ ಹಿಂದೆ ಅಳಿಯ ಹೊರಟ. ಮದುವೆಯಲ್ಲಿ ತೊಳೆದ ಕಾಲನ್ನೇ ಮತ್ತೆ ಹಿಡಿದೆ. "ಆಯಿ ಹೇಳ್ದಂಗೆ ಆಗ್ಲಿ ಮಾವಾ," ಎಂದು ಅವನು ಕಾಲು ಬಿಡಿಸಿಕೊಂಡ. ಅವನ ಹಿಂದೆ ಗೋಡೆ ಹಿಡಿದುಕೊಂಡು ನನ್ನ ಮಗಳು.

ಮಳೆಗಾಲ ಮುಗಿಯುವ ಮೊದಲೇ, ಸೋರಿ ಉಳಿದ ಮೂತ್ರ ಒಳಗೇ ನಿಂತು ನಂಜಾಗಿ ತೀರಿಕೊಂಡಳು. ಅಂದು ಮಾತ್ರ ಅವಳನ್ನು ಕೊಟ್ಟಿಗೆಯಿಂದ ಜಗುಲಿಗೆ ತಂದರು.

ವೈಕುಂಠ ಸಮಾರಾಧನೆಯ ದಿನ ತುಂಗಮ್ಮ ಬಂದವರ ಮುಂದೆ ಕಣ್ಣೊರೆಸಿಕೊಂಡರು. "ಪಾಪದ ಕೂಸು. ಆ ಜಾಗದಲ್ಲಿ ನೋವು ಅಂತ ಒಂದಿನನೂ ಹೇಳಿದ್ದಿಲ್ಲೆ."

ಎಲೆಯ ಮುಂದೆ ಕುಳಿತಿದ್ದ ನಾನು ಕಣ್ಣು ಮುಚ್ಚಿ ದೇವರನ್ನು ನೆನೆದೆ. ಅವಳ ಪರವಾಗಿ ಆಕೆ ಕೊಟ್ಟ ಉತ್ತರಗಳಲ್ಲಿ ಸರಿಯಾದದ್ದು ಅದೊಂದೇ.