ಹೊಗೆಗೊಂದು ಬಾಗಿಲು

ನಾನೂರು ಮೂಟೆ ಸಿಮೆಂಟು ಹೊತ್ತ ಲಾರಿಯನ್ನು ಬೆಟ್ಟದ ತುದಿಯಿಂದ ಬುಡದವರೆಗೆ, ಬ್ರೇಕಿಗೆ ಕಾಲು ತಾಕಿಸದೆ, ಒಂದು ಕೈಯಲ್ಲಿ ತುಂಬಿದ ಟೀ ಲೋಟ ಹಿಡಿದು ಇಳಿಸಿದವನು ಈ ಭೂಮಂಡಲದಲ್ಲಿ ನಾನೊಬ್ಬನೇ. ಒಂದು ತೊಟ್ಟು ಚೆಲ್ಲಿಲ್ಲ. ಎಪ್ಪತ್ತೆರಡನೇ ತಿರುವಿನಲ್ಲಿ ಮಾತ್ರ ಟೀ ಸ್ವಲ್ಪ ಎಡಕ್ಕೆ ವಾಲಿತು.

ಷೆಡ್ಡಿನವರು ನನ್ನನ್ನು 'ರೈಲು' ಅಂತ ಕರೀತಾರೆ. ನನ್ನ ವೇಗ ನೋಡಿ ಇಟ್ಟ ಹೆಸರು ಎಂದೇ ನಾನು ತಿಳಿದುಕೊಂಡಿದ್ದೇನೆ.

ಅದೇ ಷೆಡ್ಡಿನಲ್ಲಿ ನನ್ನ ಮಗಳು ಮೆಕ್ಯಾನಿಕ್ಕು. ಹಾಲುಹಲ್ಲು ಬೀಳುವ ಮೊದಲೇ ಗೇರ್‌ಬಾಕ್ಸ್ ಬಿಚ್ಚಿ ಜೋಡಿಸಿದವಳು. ಹೋಗಲಿ, ಬಿಚ್ಚಿದ್ದಂತೂ ನಿಜ. ಆದರೂ ಓನರು ಅವಳಿಗೆ ಗ್ರೀಸು ಹಚ್ಚುವ ಕೆಲಸ ಬಿಟ್ಟು ಬೇರೇನೂ ಕೊಡುತ್ತಿರಲಿಲ್ಲ. ಅವಳು ತಿಂಗಳುಗಟ್ಟಲೆ ಬೆನ್ನುಹತ್ತಿ, ಒಂದು ಲಾರಿಗೆ, ಅಂದರೆ ನನ್ನದಕ್ಕೆ, ಎಕ್ಸಾಸ್ಟ್ ಬ್ರೇಕ್ ಕೂರಿಸಲು ಒಪ್ಪಿಸಿದಳು. ಸರಿಹೋದರೆ ಉಳಿದ ಒಂಬತ್ತು ಲಾರಿಯ ಕೆಲಸವೂ ಅವಳದೇ. ಇಲ್ಲವಾದರೆ ಮತ್ತೆ ಗ್ರೀಸು ಡಬ್ಬ.

"ಏನೇ ಇದು?" ಎಂದೆ.

"ಹೊಗೆ ಹೋಗೋ ಕೊಳವೆಗೆ ಒಂದು ಬಾಗಿಲು, ಅಪ್ಪ. ಎಡಗಾಲಿನ ಹತ್ತಿರ ಸ್ವಿಚ್ ಇದೆ, ಒತ್ತು. ಬಾಗಿಲು ಮುಚ್ಚುತ್ತೆ, ಎಂಜಿನ್ನಿಗೆ ಉಸಿರು ಕಟ್ಟುತ್ತೆ, ಅದೇ ಗಾಡಿನ ಹಿಡಿದುಕೊಳ್ಳುತ್ತೆ. ನಿನ್ನ ಬ್ರೇಕು ತಣ್ಣಗಿರುತ್ತೆ, ಅವಸರಕ್ಕೆ ಸಿಗುತ್ತೆ."

"ನನ್ನ ಬಲಗಾಲಿಗೆ ಸಹಾಯಕರು ಬೇಕಾಗಿಲ್ಲ."

"ನಿನ್ನ ಬಲಗಾಲಿಗೆ ಮಂಡಿನೋವಿದೆ."

ಮಾರನೇ ದಿನ ಬೆಟ್ಟ ಇಳಿದು ಬಂದೆ. ಷೆಡ್ಡಿನ ಬಾಗಿಲಲ್ಲೇ ಓನರು ಕಾಯುತ್ತಿದ್ದರು. ಮಗಳು ಕೈ ಒರೆಸಿಕೊಳ್ಳುತ್ತಾ ಹಿಂದೆ ನಿಂತಿದ್ದಳು.

"ಹೇಗಿತ್ತಯ್ಯ?"

"ಹೂವಿನ ಬುಟ್ಟಿ ಇಳಿಸಿದ ಹಾಗೆ ಸಾರ್. ಸ್ವಿಚ್ ಒತ್ತಿದೆ, ಲಾರಿ ಬಾಲ ಮಡಚಿಕೊಂಡು ಕೂತುಬಿಡ್ತು. ಬ್ರೇಕು ಮುಟ್ಟಿದ್ದರೆ ನನ್ನ ಮೀಸೆ ಬೋಳಿಸಿ."

"ಸುಟ್ಟ ವಾಸನೆ ಬರ್ತಿದೆಯಲ್ಲ?"

"ಅದು ಹಿಂದೆ ಬರ್ತಿದ್ದ ಲಾರಿದು."

ಓನರು ತಲೆಯಾಡಿಸಿ, "ಹಾಗಾದ್ರೆ ಒಂಬತ್ತಕ್ಕೂ..." ಎಂದು ಶುರುಮಾಡಿದ್ದರು. ಅಷ್ಟರಲ್ಲಿ ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗಳೇ ನೀರಿನ ಬಾಟಲಿ ತಂದು ಮುಂದಿನ ಚಕ್ರದ ಬ್ರೇಕ್ ಡ್ರಮ್ಮಿಗೆ ಚಿಮುಕಿಸಿದಳು. ಚುಂಯ್ ಎಂದಿತು. ಆವಿ ಅವಳ ಮುಖದವರೆಗೂ ಎದ್ದಿತು.

"ಅಪ್ಪ," ಎಂದಳು ಮೆಲ್ಲಗೆ, "ಬ್ರೇಕು ಮುಟ್ಟದೆ ಡ್ರಮ್ಮು ಹೀಗೆ ಕಾಯಲ್ಲ. ನನ್ನ ಕೆಲಸ ಕೆಟ್ಟಿದ್ರೆ ಕೆಟ್ಟಿದೆ ಅನ್ನು."

ಮೀಸೆ ನೇವರಿಸಿಕೊಂಡೆ. ಸಾವಿರ ಸುಳ್ಳು ನಾಲಿಗೆ ತುದಿಯಲ್ಲಿ ಸಾಲುಗಟ್ಟಿದ್ದವು, ಒಂದೂ ಹೊರಗೆ ಬರಲಿಲ್ಲ.

"ಕೆಟ್ಟಿಲ್ಲ ಕಣೇ. ನಾನು ಒತ್ತಲೇ ಇಲ್ಲ. ಕಾಲು ಸ್ವಿಚ್ಚಿನವರೆಗೂ ಹೋಯ್ತು. ಆಮೇಲೆ, ಇದು ಹಿಡೀದಿದ್ರೆ ಓನರಿಗೆ ನಾನೇ ಹೇಳಬೇಕಲ್ಲ ಅನ್ನಿಸ್ತು. ಒತ್ತದಿದ್ರೆ ಹಿಡೀಲಿಲ್ಲ ಅಂತ ಹೇಳೋ ಪ್ರಶ್ನೆಯೇ ಇಲ್ಲ."

ಓನರು ಕೆಮ್ಮಿದರು. ಮಗಳು ಬಾಟಲಿಯ ಮುಚ್ಚಳ ತಿರುಗಿಸಿ ಬಿಗಿ ಮಾಡಿದಳು. ಬಯ್ಯುತ್ತಾಳೆ ಎಂದುಕೊಂಡೆ.

"ಡ್ರಮ್ಮು ಆರಲಿ," ಎಂದಳು. "ಆಮೇಲೆ ಹತ್ತು. ನಾನೂ ಬರ್ತೀನಿ."

ಅದೇ ಹೊರೆ ಹೊತ್ತು ಮತ್ತೆ ಬೆಟ್ಟ ಹತ್ತಿದೆವು. ಇಳಿಯುವಾಗ ಅವಳು ರಸ್ತೆ ನೋಡಲಿಲ್ಲ, ನನ್ನ ಎಡಗಾಲನ್ನೇ ನೋಡುತ್ತಿದ್ದಳು. ಒತ್ತಿದೆ. ಎಂಜಿನ್ನು ಗುಡುಗಿತು, ಹಿಂದಿನಿಂದ ಯಾರೋ ಲಾರಿಯ ಸೆರಗು ಹಿಡಿದು ಎಳೆದಂತಾಯಿತು. ಕೆಳಗೆ ಬಂದಾಗ ಓನರೇ ಬಾಟಲಿ ಹಿಡಿದು ನಿಂತಿದ್ದರು. ಚಿಮುಕಿಸಿದ ನೀರು ಡ್ರಮ್ಮಿನ ಮೇಲೆ ಸುಮ್ಮನೆ ಜಾರಿ ನೆಲಕ್ಕೆ ಬಿತ್ತು. ಒಂಬತ್ತೂ ಲಾರಿ ಅವಳ ಪಾಲಾದವು.

ಮೊನ್ನೆ ಷೆಡ್ಡಿನಲ್ಲಿ ಹೊಸ ಡ್ರೈವರುಗಳಿಗೆ ಆ ಎರಡನೇ ಇಳಿತದ ಕಥೆಯನ್ನು ಟೀ ಲೋಟದ ಸಮೇತ ಹೇಳುತ್ತಿದ್ದೆ. ಐದನೇ ಲಾರಿಯ ಅಡಿಯಿಂದ ಮಗಳ ಧ್ವನಿ ಬಂತು:

"ಸ್ಟೇರಿಂಗಿಗೆ ಒಂದು ಕೈ, ಗೇರಿಗೆ ಒಂದು ಕೈ. ಟೀಗೆ ಯಾರ ಕೈ ಅಪ್ಪ?"

ಸರಿ. ಟೀ ಇರಲಿಲ್ಲ. ತಿರುವು ಎಪ್ಪತ್ತೆರಡಲ್ಲ, ಹದಿನಾಲ್ಕು. ಬ್ರೇಕಿಗೆ ಕಾಲು ಮೂರು ಸಲ ಹೋಯಿತು: ಎರಡು ಸಲ ಅಭ್ಯಾಸಬಲದಿಂದ, ಒಂದು ಸಲ ನಾಯಿ ಅಡ್ಡ ಬಂದದ್ದಕ್ಕೆ. ಲಾರಿಯನ್ನು ಇಳಿಸಿದ್ದು ನಾನಲ್ಲ, ಅವಳು.