ಲಕ್ಷ್ಮೀಕಾಂತನ ಕೈತೂಕ

ಗುಬ್ಬಿಯಲ್ಲಿ ತೆಂಗಿನಕಾಯಿ ಮಂಡಿ ಇಟ್ಟುಕೊಂಡಿದ್ದ ಲಕ್ಷ್ಮೀಕಾಂತನಿಗೆ ತನ್ನ ಬಲಗೈ ಮೇಲೆ ಇದ್ದಷ್ಟು ಭಕ್ತಿ ದೇವರಾಯನದುರ್ಗದ ನರಸಿಂಹಸ್ವಾಮಿಯ ಮೇಲೂ ಇರಲಿಲ್ಲ. ಕಾಯಿ ಎತ್ತಿ, ಕಣ್ಣು ಮುಚ್ಚಿ, ಎರಡು ಸಲ ಮೇಲೆ ಕೆಳಗೆ ಆಡಿಸಿ ಇಷ್ಟು ಗ್ರಾಂ ಅಂದನೆಂದರೆ ಮುಗಿಯಿತು, ತಕ್ಕಡಿಯೂ ಹೂಂ ಅನ್ನಬೇಕು. ಕಾಯಿಯ ವಿಷಯದಲ್ಲಿ ಅದು ನಿಜವೇ. ಅವನ ತಮ್ಮನ ಹೆಂಡತಿ ಸಂಧ್ಯಾ ಕೂಡ ಅದನ್ನು ಅಲ್ಲಗಳೆಯುತ್ತಿರಲಿಲ್ಲ. ಆದರೆ ಮಹಾನುಭಾವ ಕಾಯಿಗೇ ನಿಲ್ಲಬೇಕಲ್ಲ! ಕುಕ್ಕರು, ಫ್ಯಾನು, ಕೊನೆಗೆ ಚಪ್ಪಲಿಯನ್ನೂ ಎತ್ತಿ ತೂಗಿಯೇ ಕೊಳ್ಳುವವನು. ಭಾರ ಇದ್ದರೆ ಒಳ್ಳೇ ಮಾಲು, ಇಲ್ಲದಿದ್ದರೆ ಡಕೋಟ. ಆ ಮನೆಗೆ ದೊಡ್ಡ ಸಾಮಾನು ಏನೇ ಬಂದರೂ ಅವನ ಕೈಯಿಂದಲೇ ಬರಬೇಕು ಅನ್ನುವುದು ಸಂಧ್ಯಾ ಸೊಸೆಯಾಗಿ ಬರುವ ಮುಂಚಿನಿಂದಲೂ ನಡೆದುಬಂದ ಪದ್ಧತಿ.

ಸಂಧ್ಯಾ ಸಿವಿಲ್ ಡಿಪ್ಲೊಮಾ ಓದಿದವಳು. ಅಡುಗೆ ಕೆಲಸ ಮುಗಿಸಿ, ಹತ್ತು ವರ್ಷದ ಹಳೇ ಕಂಪ್ಯೂಟರಿನ ಮುಂದೆ ಕೂತು, ಎಂಟು ತಿಂಗಳಲ್ಲಿ ಹನ್ನೆರಡು ಮನೆಗಳ ನಕ್ಷೆ ಮಾಡಿದ್ದಳು. ತುಮಕೂರಿನ ಎಂಜಿನಿಯರೊಬ್ಬರು ಸೋಮವಾರ ಹತ್ತು ಗಂಟೆಗೆ ಅವನ್ನೆಲ್ಲ ತಂದು ತೋರಿಸಲು ಹೇಳಿದ್ದರು. ಹಿಡಿಸಿದರೆ ಅವರ ಆಫೀಸಿನಲ್ಲೇ ಕೆಲಸ. ಮನೆಯ ಮುಂಭಾಗ ಕಣ್ಣಿಗೆ ಕಟ್ಟುವಂತೆ ಕಾಣಬೇಕೆಂದು ಅವಳು ಹೊಸ ಗ್ರಾಫಿಕ್ಸ್ ಕಾರ್ಡ್ ತರಿಸಿಕೊಂಡಳು. ತುಮಕೂರಿನ ಮರಳೂರಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ ಗೆಳತಿ ಅಕ್ಷತಾ ಆಗಲೇ ಎಚ್ಚರಿಸಿದ್ದಳು.

"ಕಾರ್ಡ್ ಒಂದು ಹಾಕಿದ್ರೆ ಸಾಲ್ದು ಕಣೇ. ಮನೆ ಕರೆಂಟನ್ನ ಕಂಪ್ಯೂಟರ್‌ಗೆ ಹಿಡಿಸೋಷ್ಟು ಇಳಿಸಿ ಕೊಡೋದು ಎಸ್‌ಎಂಪಿಎಸ್ ಡಬ್ಬಿ. ನಿಂದು ಮುದಿಯಾಗಿದೆ, ಈ ಕಾರ್ಡ್ ಎಳೆಯೋದನ್ನ ತಡ್ಕೊಳಲ್ಲ. ಹೊಸದು ಹಾಕ್ಸು. ಆದ್ರೆ ಲೋಕಲ್ ಮಾಲ್ ಮಾತ್ರ ಬೇಡ. ಅದು ಒಂದೇ ಸಾಯಲ್ಲ, ಬೋರ್ಡು, ಡಿಸ್ಕು ಎಲ್ಲಾನೂ ಜೊತೇಲಿ ಕರ್ಕೊಂಡೋಗುತ್ತೆ. ಡ್ರಾಯಿಂಗೆಲ್ಲ ಮೊದ್ಲು ಬೇರೆ ಕಡೆ ಕಾಪಿ ಮಾಡ್ಕೋ."

ಯಾವ ಕಂಪನಿಯದು ತರಬೇಕೆಂದು ಚೀಟಿಯಲ್ಲಿ ಬರೆದೂ ಕೊಟ್ಟಳು. ಆ ಚೀಟಿ ಪದ್ಧತಿಯಂತೆ ಬಾವನ ಜೇಬು ಸೇರಿತು. ಕಾಯಿ ಲೋಡಿಗೆಂದು ಕುಣಿಗಲ್‌ಗೆ ಹೋಗಿದ್ದವನು ಶುಕ್ರವಾರ ಸಂಜೆ ಒಂದು ಡಬ್ಬಿ ತಂದು ಮೇಜಿನ ಮೇಲೆ ಧೊಪ್ಪೆಂದು ಇಟ್ಟ.

"ಚೀಟೀಲಿ ಬರ್ದಿದ್ದು ಹಗೂರ ಕಣಮ್ಮ, ಹತ್ತಿ ಇದ್ದಂಗೆ! ಬ್ಯಾಡ ಅಂದೆ. ನಾನು ಎತ್ತಿ ನೋಡೋದನ್ನ ಅಂಗ್ಡಿಯವ್ನು ನೋಡ್ದ. ನೋಡಿ, ಒಳಗಿಂದ ಇದನ್ನ ತಂದುಕೊಟ್ಟ. ಅವನಿಗೆ ಗೊತ್ತಾಯ್ತು, ಬಂದಿರೋನು ಯಾರು ಅಂತ."

ಗೊತ್ತಾಗದೆ ಇರುತ್ತದೆಯೇ! ಲಕ್ಷ್ಮೀಕಾಂತ ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಕಾಯಿ ಅಲ್ಲಾಡಿಸುವ ಹಾಗೆ ಅಲ್ಲಾಡಿಸಿದ.

"ಒಳಗೆ ಒಂಚೂರೂ ಅಲ್ಲಾಡಲ್ಲ. ಗಟ್ಟಿ ಮಾಲು."

"ಬಾವ, ಇದು ಕಾಯಲ್ಲ. ಅಕ್ಷತಾ ಬರ್ದಿದ್ದೇ ಬೇಕಿತ್ತು," ಅಂದಳು ಸಂಧ್ಯಾ.

"ಅವಳು ಕಮಿಷನ್‌ಗೆ ಬರ್ದಿರ್ತಾಳೆ ಬುಡು. ಇಪ್ಪತ್ತೈದು ವರ್ಷದ ಕೈ ಕಣಮ್ಮ ಇದು!"

ಅವಳು ಗಂಡನ ಮುಖ ನೋಡಿದಳು. ಚಂದ್ರು ತಟ್ಟೆಯಿಂದ ತಲೆ ಎತ್ತಲಿಲ್ಲ. ಅಣ್ಣನ ಎದುರು ಅವನ ಬಾಯಿ ತೆರೆಯುತ್ತಿದ್ದುದು ಉಪ್ಪಿಟ್ಟಿಗೆ ಮಾತ್ರ. ವಾಪಸ್ ಕೊಡಿ ಅಂದರೆ ಮನೆಯಲ್ಲಿ ರಣರಂಪ. ಸೋಮವಾರದವರೆಗೆ ನಡೆದರೆ ಸಾಕಪ್ಪ ಎಂದು ಸಂಧ್ಯಾ ಸುಮ್ಮನಾದಳು. ಕಾಪಿಯನ್ನೂ ಕೊನೇ ಮನೆಯ ಮುಂಭಾಗ ಮುಗಿದ ಮೇಲೆ ಒಟ್ಟಿಗೇ ಮಾಡಿದರಾಯಿತು ಅಂದುಕೊಂಡಳು.

ಶನಿವಾರ ಡಬ್ಬಿಯನ್ನೂ ಕಾರ್ಡನ್ನೂ ತಾನೇ ಕೂರಿಸಿದಳು; ಅವತ್ತು ಎಲ್ಲ ಸರಿಯಾಗಿತ್ತು. ಲಕ್ಷ್ಮೀಕಾಂತ ಬೆನ್ನ ಹಿಂದೆ ನಿಂತು, "ನೋಡ್ದಾ?" ಅಂತ ಮೂರು ಸಲ ಕೇಳಿ ಹೋದ. ಭಾನುವಾರ ಮಧ್ಯಾಹ್ನ ಹನ್ನೆರಡನೇ ಮನೆಯ ಮುಂಭಾಗ ಪರದೆಯ ಮೇಲೆ ಅರ್ಧ ಮೂಡಿತ್ತು. ಟಪ್ ಅಂತ ಒಂದು ಸದ್ದು, ಹಿಂದೆಯೇ ಸುಟ್ಟ ವಾಸನೆ. ಮತ್ತೆ ಎಷ್ಟು ಒತ್ತಿದರೂ ಕಂಪ್ಯೂಟರ್ ಏಳಲಿಲ್ಲ.

ಸೋಮವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಅದನ್ನು ತೊಡೆಯ ಮೇಲಿಟ್ಟುಕೊಂಡು ತುಮಕೂರಿಗೆ ಹೋದಳು. ಅಕ್ಷತಾ ಒಂದೊಂದನ್ನೇ ಬಿಚ್ಚಿ ಪರೀಕ್ಷೆ ಮಾಡಿದಳು. ಬೋರ್ಡು ಹೋಗಿತ್ತು. ಕಾರ್ಡು ಹೋಗಿತ್ತು. ಡಿಸ್ಕೂ ಹೋಗಿತ್ತು. ಕೊನೆಗೆ ಆ ಡಬ್ಬಿಯನ್ನು ಬಿಚ್ಚಿದಾಗ ಒಳಗೆ ಬಡಕಲು ವೈರುಗಳು, ಮೂಲೆಯಲ್ಲಿ ಗೋಂದು ಹಾಕಿ ಅಂಟಿಸಿದ ಒಂದು ಸಿಮೆಂಟಿನ ಗಟ್ಟಿ.

"ಇದ್ಯಾಕೆ ಇಲ್ಲಿ?" ಅಂದಳು ಸಂಧ್ಯಾ.

"ತೂಕಕ್ಕೆ ಕಣೇ. ಎತ್ತಿ ನೋಡಿ ತಗೊಳೋ ಜಾಣರು ಇರ್ತಾರಲ್ಲ, ಅವ್ರಿಗೆ."

ಎಂಜಿನಿಯರಿಗೆ ಫೋನ್ ಮಾಡಿದ್ದಾಯಿತು. "ಡ್ರಾಯಿಂಗೇ ಇಲ್ಲ ಅಂದ್ರೆ ಏನ್ ನೋಡ್ಲಮ್ಮ? ಇನ್ನೊಬ್ರು ತಂದು ಕೂತಿದಾರೆ," ಅಂದರು. ಅಂಗಡಿಯ ಸ್ಟೂಲಿನ ಮೇಲೆ ಕೂತು ಸಂಧ್ಯಾ ಜೋರಾಗಿ ಅತ್ತಳು. ಬಾವನ ಕೈಯನ್ನು ಶಪಿಸಿದಳು, ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದ ತನ್ನನ್ನೂ ಶಪಿಸಿಕೊಂಡಳು. ಆಮೇಲೆ ಸಿಮೆಂಟಿನ ಗಟ್ಟಿಯನ್ನು ಪೇಪರಿನಲ್ಲಿ ಸುತ್ತಿಕೊಂಡು ಎದ್ದಳು.

ಮಧ್ಯಾಹ್ನದ ಹೊತ್ತಿಗೆ ಮಂಡಿಯಲ್ಲಿ ನಾಲ್ಕು ಜನ ವ್ಯಾಪಾರಿಗಳು ಕೂತಿದ್ದರು. ಸಂಧ್ಯಾ ಸೀದಾ ಒಳಗೆ ಹೋಗಿ ಪೊಟ್ಟಣವನ್ನು ಬಾವನ ಅಂಗೈಯಲ್ಲಿಟ್ಟಳು.

"ಬಾವ, ಇದೆಷ್ಟಿದೆ ಹೇಳಿ."

ಜನ ನೋಡುತ್ತಿದ್ದರು, ಸಾಲದೇ? ಲಕ್ಷ್ಮೀಕಾಂತ ಕಣ್ಣು ಮುಚ್ಚಿ ಎರಡು ಸಲ ಆಡಿಸಿದ. "ಮುನ್ನೂರೈವತ್ತು. ಐದು ಗ್ರಾಂ ಆಚೀಚೆ."

ವ್ಯಾಪಾರಿಯೊಬ್ಬ ಅದನ್ನು ತಕ್ಕಡಿಗೆ ಹಾಕಿ ನೋಡಿದ. ಮುನ್ನೂರ ನಲವತ್ತೇಳು. "ಅಬ್ಬಬ್ಬಾ, ಏನ್ ಕೈ ಯಜಮಾನ್ರೇ ನಿಮ್ದು!" ಅಂತ ಪೊಟ್ಟಣವನ್ನು ವಾಪಸು ಕೊಟ್ಟ. ಲಕ್ಷ್ಮೀಕಾಂತ ಎದೆ ಉಬ್ಬಿಸಿಕೊಂಡು ಕೂತ.

ಸಂಧ್ಯಾ ಅವನ ಕೈಯಲ್ಲೇ ಪೇಪರನ್ನು ಬಿಚ್ಚಿದಳು.

"ಸಿಮೆಂಟು ಬಾವ. ನೀವು ತಂದ ಗಟ್ಟಿ ಮಾಲಿನೊಳಗಿತ್ತು. ನಿಮ್ಮಂಥ ಕೈಗೆ ಅಂತಾನೇ ಇಟ್ಟಿರೋದಂತೆ. ನನ್ನ ಹನ್ನೆರಡು ಮನೆ ಸುಟ್ಟುಹೋಯ್ತು. ಎಂಟು ತಿಂಗಳು ಹೋಯ್ತು, ಕೆಲ್ಸಾನೂ ಹೋಯ್ತು. ಅದೆಷ್ಟು ತೂಕ ಹೇಳಿ ನೋಡಣ."

ಆ ದರಿದ್ರ ಕೈ ಅಭ್ಯಾಸಬಲದಿಂದ ಒಂದು ಸಲ ಮೇಲೆ ಕೆಳಗೆ ಆಡಿತು. ಲಕ್ಷ್ಮೀಕಾಂತ ಎಡಗೈಯಿಂದ ಅದನ್ನು ಹಿಡಿದು ನಿಲ್ಲಿಸಿದ.