ಹೂಂಗುಟ್ಟುವ ದೀಪ

ಸ್ಕ್ರೀನಿನ ಮೇಲೆ ಚುಕ್ಕಿ ಮಿನುಗಿತು, ಎರಡು ಸಲ, ಹಸಿರು, ಅಂದರೆ ಅಜ್ಜಿ ದೀಪದ ನೆತ್ತಿ ತಟ್ಟಿದ್ದಾಳೆ, ಕಥೆ ಶುರುವಾಗಿದೆ, ನಾನು ಗುಂಡಿ ಒತ್ತಬೇಕು, ಒತ್ತಿದೆ, ಅಲ್ಲಿ ದೊಡ್ಡಮ್ಮನ ಮನೆಯಲ್ಲಿ ಅಜ್ಜಿಯ ಮಂಚದ ಪಕ್ಕದ ದೀಪ ಒಮ್ಮೆ ಹತ್ತಿ ಆರಿರುತ್ತದೆ, ಅದೇ ನನ್ನ ಹೂಂ — ಅಜ್ಜಿ ಮುಂದಿನ ಮಾತಿಗೆ ಹೋಗಿರುತ್ತಾಳೆ. ಯಾವ ಕಥೆಯೋ, ನನಗೆ ಕೇಳಿಸುವುದಿಲ್ಲ, ಆ ದೀಪಕ್ಕೆ ಕಿವಿಯಿಲ್ಲ, ಅಜ್ಜಿಗೂ ಈಗ ಇಲ್ಲ, ಫೋನಿನಲ್ಲಿ ಎಷ್ಟು ಕಿರುಚಿದರೂ ಏನೇ ಹುಡುಗಿ, ನೀರೊಳಗೆ ನಿಂತ್ಕೊಂಡು ಮಾತಾಡ್ತಿದೀಯಾ ಅನ್ನುತ್ತಾಳೆ, ಅದಕ್ಕೇ ಈ ದೀಪ, ನಮ್ಮ ಕಂಪನಿಯದೇ, ತಟ್ಟಿದರೆ ನನ್ನ ಸ್ಕ್ರೀನಿಗೆ ಸುದ್ದಿ ಬರುವ ಹಾಗೆ ನಾನೇ ಹೊಂದಿಸಿ ಕೊಟ್ಟದ್ದು. ಪಟ್ಟಿಯಲ್ಲಿ ಹನ್ನೊಂದು ಸಾವಿರ ದೀಪಗಳು, ಯಾರ್ಯಾರದೋ ತಲೆದೆಸೆಯಲ್ಲಿ ಕೂತು ಐದು ನಿಮಿಷಕ್ಕೊಮ್ಮೆ ಇದ್ದೀನಿ, ಇದ್ದೀನಿ ಅನ್ನುತ್ತವೆ, ಹೊಸವು ಪಟಪಟ, ಹಳೆಯವು ಏದುಸಿರು ಬಿಡುತ್ತ, ನನಗೆ ಎಲ್ಲರ ವಯಸ್ಸೂ ಗೊತ್ತು. ಇವತ್ತು ಹನ್ನೆರಡಕ್ಕೆ ಹಳೆಯವಕ್ಕೆಲ್ಲ ಕೊನೆಯ ಅಪ್‌ಡೇಟ್, ಆಮೇಲೆ ತಟ್ಟಿದ ಸುದ್ದಿ ಇಲ್ಲಿಗೆ ಬರುವುದಿಲ್ಲ, ನನ್ನ ಹೂಂ ಅಲ್ಲಿಗೆ ಹೋಗುವುದಿಲ್ಲ. ನಮ್ಮ ಮೇಲಧಿಕಾರಿ, ಕನ್ನಡಕ ಹಣೆ ಮೇಲಿಟ್ಟುಕೊಂಡು ಅದನ್ನೇ ಮೇಜೆಲ್ಲ ಹುಡುಕುವ ಪುಣ್ಯಾತ್ಮ, ಬೆಳಿಗ್ಗೆಯೇ ಹೇಳಿದರು, ವಯಸ್ಸಾಯ್ತಮ್ಮ ಅವಕ್ಕೆ, ಚಿಲಕ ಸಡಿಲ ಆಗಿದೆ, ಅದರ ಮೂಲಕ ಯಾವ ಹ್ಯಾಕರ್ ಬೇಕಾದ್ರೂ ಮನೆಯೊಳಗೆ ನುಗ್ಗಬಹುದು, ಇನ್ನು ಸುಮ್ಮನೆ ಉರೀಲಿ ಬಿಡು. ಒಂದನ್ನ ಮಾತ್ರ ಬಿಡ್ಲಾ ಸಾರ್ ಅಂದೆ. ಯಾರದು? ಅಜ್ಜಿದು. ಹಾಗಾದ್ರೆ ಮೊದಲು ಅದಕ್ಕೇ ಹಾಕು.

ಸರಿ, ನಾನೇನು ಕಡಿಮೆ ಬುದ್ಧಿವಂತಳೇ, ದೀಪಕ್ಕೇ ಹೂಂ ಕಲಿಸಿದೆ — ತಟ್ಟಿದರೆ ನೀನೇ ಒಮ್ಮೆ ಹತ್ತಿ ಆರು, ನನ್ನನ್ನು ಕೇಳಬೇಡ — ಹನ್ನೆರಡಾಯಿತು, ಕಳಿಸಿದೆ, ಚುಕ್ಕಿಗಳು ಬೂದು, ಹಳದಿ, ಮತ್ತೆ ಒಂದೊಂದೇ ಹಸಿರು, ಅಜ್ಜಿಯದೂ ಹಸಿರು, ಇದ್ದೀನಿ ಅಂದಿತು, ಇನ್ನು ಮಿನುಗುವುದಿಲ್ಲ ಅಷ್ಟೆ, ಕಥೆ ನಿಲ್ಲಲಿಲ್ಲವಲ್ಲ, ಅಷ್ಟು ಸಾಕು. ಚಿಕ್ಕವಳಿದ್ದಾಗ ಅಕ್ಕ ಗಡಿಯಾರದ ಹಾಗೆ ಹೂಂ ಹೂಂ ಅನ್ನುತ್ತಿದ್ದಳು, ನಾನೋ, ನರಿ ಹೊರಟಿತು ಅಂತ ಅಜ್ಜಿ ಅಂದರೆ ಮೊದಲು ನರಿಯನ್ನು ನೋಡಬೇಕು, ಅದರ ಬಾಲದ ತುದಿ ಪೊದೆಯಲ್ಲಿ ಮರೆಯಾಗಬೇಕು, ಆಮೇಲೆ ಹೂಂ, ಅಷ್ಟು ಹೊತ್ತೂ ಅಜ್ಜಿ ಬಾಯಿ ತೆರೆದುಕೊಂಡೇ ಕಾಯುತ್ತಿದ್ದಳು, ಬಂದ್ಯೇನೇ ಕಾಡಿಂದ ಅನ್ನುತ್ತಿದ್ದಳು — ಫೋನು, ದೊಡ್ಡಮ್ಮ, ಏನ್ ಮಾಡಿದ್ಯೇ ದೀಪಕ್ಕೆ? ಯಾಕೆ ದೊಡ್ಡಮ್ಮ, ಹತ್ತುತ್ತಿಲ್ವಾ? ಹತ್ತುತ್ತೆ ಕಣೇ, ತಟ್ಟೋಕೆ ಪುರುಸೊತ್ತಿಲ್ಲ ಹತ್ತುತ್ತೆ, ಅದಕ್ಕೇ ಅಮ್ಮ ಕಥೆ ನಿಲ್ಲಿಸಿ ಗೋಡೆ ಕಡೆ ತಿರುಗಿ ಕೂತಿದ್ದಾಳೆ, ಇದು ಅವಳಲ್ಲ, ಅವಳು ಇಷ್ಟು ಬೇಗ ಹೂಂ ಅಂದಿದ್ದು ಯಾವತ್ತು ಅಂತಾಳೆ.

ನಗು ಬಂತು, ಅಜ್ಜಿಯ ದೀಪದ ಪುಟ ಮತ್ತೆ ತೆರೆದೆ. ಸುಲಭ, ತಡ ಅನ್ನುವ ಚೌಕವಿದೆ, ಸಂಜೆಯವರೆಗೆ ಬದಲಿಸಬಹುದು, ಎರಡೂವರೆ ಸೆಕೆಂಡು ಅಂತ ಬರೆದರೆ ದೀಪ ನರಿಯನ್ನು ನೋಡಿ ಬಂದವರ ಹಾಗೆಯೇ ಹತ್ತುತ್ತದೆ, ಅಜ್ಜಿ ಗೋಡೆಯಿಂದ ಇತ್ತ ತಿರುಗುತ್ತಾಳೆ, ಅವಳಿಗೆ ಎಂದೆಂದಿಗೂ ಗೊತ್ತಾಗುವುದಿಲ್ಲ — ಎರಡು ಬರೆದೆ, ಚುಕ್ಕಿ ಇಟ್ಟೆ, ಐದರ ಮೇಲೆ ಬೆರಳು, ಬಾಯಿ ತೆರೆದುಕೊಂಡು ಕಾಯುವ ಅಜ್ಜಿ, ಕಾಡಿನಲ್ಲಿ ಯಾರೂ ಇಲ್ಲ, ದೀಪ ಒಳ್ಳೆಯದೇ, ಪಾಪ, ಅದು ನರಿಯನ್ನು ನೋಡಿಲ್ಲ. ಅಳಿಸಿದೆ. ಕಲಿಸಿದ ಹೂಂ ಕೂಡ ಅಳಿಸಿದೆ. ಸಾರ್, ಅರ್ಧ ದಿನ ರಜೆ ಬೇಕು ಅಂತ ಬರೆದೆ, ಎರಡರ ಬಸ್ಸು ಸಿಕ್ಕರೆ ಕತ್ತಲಾಗುವ ಮೊದಲೇ ಮಂಚದ ಪಕ್ಕ ಕೂತಿರುತ್ತೇನೆ, ದೊಡ್ಡಮ್ಮ, ಅವಳಿಗೆ ಸನ್ನೆ ಮಾಡಿ ಹೇಳು, ನರಿ ಎಲ್ಲಿತ್ತೋ ಅಲ್ಲೇ ಇರಲಿ, ಅಂದೆ ಫೋನಿಗೆ. ಚೀಲ ಹೆಗಲಿಗೆ, ಏಳಬೇಕು, ಏಳುತ್ತೇನೆ, ಹನ್ನೊಂದು ಸಾವಿರದ ನಡುವೆ ಆ ಒಂದು ಚುಕ್ಕಿ, ಹಸಿರು, ಮಿನುಗದೆ, ಅಲ್ಲಿ ಈಗ ತಟ್ಟುತ್ತಿರಬಹುದು, ಎರಡು ಸಲ, ಇಲ್ಲಿ ಚುಕ್ಕಿ ಹಾಗೇ ಹಸಿರು, ಎದ್ದೆ, ಬಸ್ಸಿಗೆ ಹೊರಟೆ.